ಸದ್ದಿಲ್ಲದೆ ಮುಚ್ಚುವ ನಲ್ಲಿ

ಸೋಮವಾರ, ಮಧ್ಯಾಹ್ನ
ಮಾರ್ಚ್ ೯

ನನ್ನ ಮುದ್ದಿನ ಸುತ್ತಿಗೆಗೆ,

ಅಮ್ಮನ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ ಎಂದು ಬರೆಯಲು ಹೊರಟವಳು ಪೆನ್ನು ನಿಲ್ಲಿಸಿದೆ. ನನ್ನ ಕ್ಷೇಮದ ಸಂಗತಿ ನನಗಿಂತ ನಿನಗೇ ಚೆನ್ನಾಗಿ ಗೊತ್ತಿರುವಾಗ ಆ ಸಾಲನ್ನು ನಾನು ಬರೆಯುವುದು ಸರಿಯಲ್ಲ. ಅದನ್ನು ನೀನೇ ತುಂಬಿಕೋ.

ಫೋನಿದೆಯಲ್ಲ, ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನೀನು ಅಮ್ಮಾ ಎಂದು ಎಳೆದು ಕರೆದರೆ ಸಾಕು, ನಾನು ಬೆಣ್ಣೆಯಾಗಿಬಿಡುತ್ತೇನೆ. ಬಯ್ಯಬೇಕೆಂದು ಕೂಡಿಟ್ಟುಕೊಂಡ ಮಾತೆಲ್ಲ ಊಟ ಆಯ್ತಾ ಅನ್ನುವಲ್ಲಿಗೆ ಮುಗಿದುಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಕಾಗದದಲ್ಲಾದರೆ ಈಗತಾನೆ ಏನು ಹೇಳಿದೆ ಎಂದು ಪುಟ ತಿರುಗಿಸಿ ನೋಡಿಕೊಳ್ಳಬಹುದು. ನನಗೆ ಈಗ ಅದು ಬೇಕಾಗಿದೆ. ನಿನ್ನ ಹತ್ತಿರ ಅದನ್ನು ಮುಚ್ಚಿಡುವ ಅಗತ್ಯವಂತೂ ಇಲ್ಲ.

ನೀನು ಮಾಡಿದ ನಲ್ಲಿ ತೋರಿಸಲು ಗುರುವಾರ ನಿಮ್ಮ ಕಾರ್ಖಾನೆಯ ದೊಡ್ಡ ಯಜಮಾನರನ್ನೂ ಫೋಟೋದವರನ್ನೂ ಕಟ್ಟಿಕೊಂಡು ನಮ್ಮ ಅಡುಗೆಮನೆಗೆ ಬರುತ್ತೇನೆ ಅಂದಿದ್ದೀಯಲ್ಲ, ಅವರನ್ನು ಕರೆತರಬೇಡ. ಬರುವುದಾದರೆ ನೀನೊಬ್ಬಳೇ ಬಾ. ಯಾಕೆಂದು ಪೂರ್ತಿ ಓದು. ಕತೆ ಪುಸ್ತಕ ಓದುವ ಹಾಗೆ ಕೊನೆಯ ಪುಟಕ್ಕೆ ಹಾರಬೇಡ.

ಶುರುವಿನಿಂದಲೇ ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ನಾನು ಸಿಂಕಿನ ನಲ್ಲಿ ತೆರೆದಿಟ್ಟು ಪೇಟೆಗೆ ಹೋದದ್ದು, ತಟ್ಟೆಯೊಂದು ಸಿಂಕಿನ ತೂತಿಗೆ ಅಡ್ಡ ಕೂತು ನೀರೆಲ್ಲ ಉಕ್ಕಿ ಕೆಳಗಿನ ಮನೆಯ ಹಲ್ಲಿನ ಡಾಕ್ಟರ ಮಂಚದ ಮೇಲೆ ಸುರಿದದ್ದು ನಿನಗೆ ಗೊತ್ತು. ಮೊದಲ ಸಲ ಡಾಕ್ಟರು ನಕ್ಕರು. ಎರಡನೆಯ ಸಲ ನಗಲಿಲ್ಲ. ಮೂರನೆಯ ಸಲ ಅವರ ಹೆಂಡತಿ ಛತ್ರಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು.

ಅದಾದ ಮೇಲೆ ನಿನ್ನ ಅಣ್ಣ, ಅತ್ತಿಗೆ, ನೀನು, ಮೂವರೂ ನನ್ನ ಊಟದ ಮೇಜಿನ ಸುತ್ತ ಕೂತು, ನಾನು ಎದುರಿಗಿದ್ದರೂ ಇಲ್ಲವೇನೋ ಎಂಬಂತೆ, ಅಮ್ಮನನ್ನ ಏನು ಮಾಡೋದು ಅಂತ ಮಾತಾಡಿದಿರಿ. ಅತ್ತಿಗೆಗೆ ಆಗ ಏಳು ತಿಂಗಳು. ಹೆರಿಗೆಯಾಗಿ ಮತ್ತೆ ಕೆಲಸಕ್ಕೆ ಹೋಗುವಾಗ ಹಗಲು ಹೊತ್ತು ಕೂಸು ನನ್ನ ಹತ್ತಿರ ಎಂದು ಮೊದಲಿಂದಲೂ ಮಾತಾಗಿತ್ತು. ಈಗ ಅವಳು, ಅತ್ತೆ ಬೇಜಾರು ಮಾಡ್ಕೋಬೇಡಿ ಎಂದು ಶುರುಮಾಡಿದಳು. ಹಾಗೆ ಶುರುವಾಗುವ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನನಗೆ ತಿಳಿಯದೇನು. ಅವಳು ಮುಗಿಸುವ ಮೊದಲೇ ನಾನು ಪಂದ್ಯ ಕಟ್ಟಿದೆ. ಈ ನಲ್ಲೀನೇ ಸಾಕ್ಷಿ ಆಗಲಿ, ನೀನು ಕೆಲಸಕ್ಕೆ ಹೋಗೋ ದಿನದವರೆಗೆ ನಾನು ಇದನ್ನ ಒಂದೇ ಒಂದು ಸಲ ತೆರೆದುಬಿಟ್ಟು ಹೋದರೂ ಕೂಸಿನ ಮಾತು ಎತ್ತಲ್ಲ, ಹೋಗದೇ ಇದ್ದರೆ ನೀವು ನನ್ನ ತಲೆಯ ಮಾತು ಎತ್ತಬಾರದು ಅಂದೆ. ನಿನ್ನ ಅಣ್ಣ ಡಾಕ್ಟರಿಗೆ ತೋರಿಸೋಣ ಅಂದ. ಕೆಳಗಡೆ ಇರೋ ಡಾಕ್ಟರಿಗೆ ಈಗಾಗಲೇ ಸಾಕಷ್ಟು ತೋರಿಸಿದ್ದೀನಿ ಅಂದೆ. ಬೇರೆ ಯಾವ ಮನೆಯಲ್ಲಾದರೂ ಹೆತ್ತ ತಾಯಿಯ ಬುದ್ಧಿಯನ್ನು ನಲ್ಲಿಯಿಂದ ಅಳೆಯುತ್ತಾರೋ ಇಲ್ಲವೋ, ನಮ್ಮ ಮನೆಯಲ್ಲಿ ಅಳೆಯುವುದೆಂದು ತೀರ್ಮಾನವಾಯಿತು. ನಮ್ಮದು ಹಟದ ವಂಶ.

ಆಗ ನೀನು ಬಾಯಿ ಬಿಟ್ಟೆ. ಹಳೇ ನಲ್ಲಿಯ ವಾಷರ್ ಹೋಗಿದೆ, ಅದರ ಮೇಲೆ ಪಂದ್ಯ ಕಟ್ಟಿದರೆ ಅಮ್ಮನಿಗೆ ಅನ್ಯಾಯ, ನಾನು ಹೊಸದು ಮಾಡಿಕೊಡ್ತೀನಿ, ಎಷ್ಟೋ ದಿನದಿಂದ ಅಡುಗೆಮನೆಗೆ ಅಂತಲೇ ಒಂದು ನಲ್ಲಿ ಮಾಡಬೇಕು ಅಂತಿದ್ದೆ ಅಂದೆ. ನಾನು ಕರಗಿಹೋದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ಹೆಗ್ಗಣ ಇಂಜಿನಿಯರು ಬೇರೆ.

ಮುಂದಿನದನ್ನು ಬರೆಯುವುದು ಕಷ್ಟ, ಯಾಕೆಂದರೆ ಅವು ಒಳ್ಳೆಯ ದಿನಗಳು. ಪ್ರತಿ ಭಾನುವಾರ ನೀನು ಚೀಲದ ತುಂಬ ಮರದ ಹಿಡಿಗಳನ್ನು ಕೆತ್ತಿಸಿ ತರುತ್ತಿದ್ದೆ. ಒಂದು ಬಾತುಕೋಳಿಯ ಕತ್ತಿನ ಹಾಗೆ, ಒಂದು ಸೌಟಿನ ಹಿಡಿಯ ಹಾಗೆ, ಒಂದು ಯಾವುದರ ಹಾಗೂ ಇಲ್ಲ. ಹಿಟ್ಟು ಕಲಸಿದ ಕೈಯಲ್ಲಿ ತೆರಿಯಮ್ಮ, ಎಣ್ಣೆ ಕೈಯಲ್ಲಿ ತೆರಿಯಮ್ಮ, ಈಗ ಎರಡೂ ಕೈಯಲ್ಲಿ ಪಾತ್ರೆ ಹಿಡ್ಕೊಂಡು ಮೊಣಕೈಯಲ್ಲಿ ತೆರಿ ಅನ್ನುತ್ತಿದ್ದೆ. ನಾನು, ಸೌಟಿನ ಹಿಡಿಯದೇ ಸರಿ, ಮಣಿಕಟ್ಟಿನಲ್ಲಿ ಮೇಲಕ್ಕೆ ತಳ್ಳಿದರೆ ನೀರು, ಕೆಳಕ್ಕೆ ಒತ್ತಿದರೆ ಬಂದ್, ಅಡುಗೆ ಮಾಡೋರ ಬೆರಳು ಯಾವತ್ತೂ ಖಾಲಿ ಇರಲ್ಲ ಅಂದೆ. ಕತ್ತು ಇನ್ನೂ ಎತ್ತರ ಬೇಕು, ದೊಡ್ಡ ಪಾತ್ರೆ ಕೆಳಗೆ ಕೂರಬೇಕು ಅಂದೆ. ನೀರು ತಟ್ಟೆಗೆ ಬಿದ್ದು ಎದೆಗೆ ಚಿಮ್ಮಬಾರದು ಅಂದೆ. ನೀನು ನಲ್ಲಿಯ ಬಾಯಿಗೆ ಒಂದು ಜಾಲರಿ ಹಾಕಿ, ಅದನ್ನು ತೆಗೆದು ಇನ್ನೊಂದು ಹಾಕಿ, ನನ್ನ ರವಿಕೆಯನ್ನು ಐದಾರು ಭಾನುವಾರ ನೆನೆಸಿ, ಕೊನೆಗೂ ನೀರು ಸದ್ದಿಲ್ಲದೆ ಇಳಿಯುವ ಹಾಗೆ ಮಾಡಿದೆ. ಅಂದು ನಾವಿಬ್ಬರೂ ಸಿಂಕಿನ ಮುಂದೆ ನಿಂತು ಸುಮ್ಮನೆ ನೀರು ನೋಡಿದೆವು.

ನನ್ನ ಜನ್ಮವಿಡೀ ನಾಟಕದ ಕಂಪನಿಯಲ್ಲಿ ಪರದೆಯ ಪಕ್ಕ ನಿಂತು, ನಟರು ಮರೆತ ಮಾತನ್ನು ಪಿಸುಗುಟ್ಟಿ ಎತ್ತಿಕೊಡುವುದರಲ್ಲಿ ಕಳೆಯಿತು. ಚಪ್ಪಾಳೆ ಅವರಿಗೆ, ಗಂಟಲು ನೋವು ನನಗೆ. ಪ್ರಾಂಪ್ಟರಿನ ಹೆಸರು ಯಾವ ಕರಪತ್ರದಲ್ಲೂ ಅಚ್ಚಾಗುವುದಿಲ್ಲ, ಅದರ ಬಗ್ಗೆ ನನಗೆ ಬೇಸರವೂ ಇರಲಿಲ್ಲ. ಆದರೆ ನಿನ್ನ ನಲ್ಲಿ ನೋಡಿದಾಗ ಮಾತ್ರ, ಇದರಲ್ಲಿ ನನ್ನದೂ ಒಂದು ಪಾಲಿದೆ ಎಂದು ಜಂಬಪಟ್ಟೆ.

ಆಮೇಲೆ ನೀನು ಮರದ ಹಲಗೆ ತಂದೆ. ಅದನ್ನು ಸಿಂಕಿನ ಮುಂದೆ ನೆಲಕ್ಕೆ ಕೂರಿಸಿ, ನೆಲ ತಣ್ಣಗಿದೆ, ನಿನ್ನ ಮೊಣಕಾಲಿಗೆ ಒಳ್ಳೇದಲ್ಲ, ಯಾವಾಗಲೂ ಇದರ ಮೇಲೆ ನಿಂತೇ ತೊಳಿ ಅಂದೆ. ನಿಂತರೆ ಅದು ಕೂದಲೆಳೆಯಷ್ಟು ಕೆಳಕ್ಕೆ ಇಳಿಯುತ್ತಿತ್ತು. ಅಡಿಯಲ್ಲಿ ಸ್ಪ್ರಿಂಗ್ ಇದೆ, ಕಾಲಿಗೆ ಮೆತ್ತಗಿರಲಿ ಅಂತ, ಅಂದೆ. ನನ್ನ ಮಗಳು ನನ್ನ ಮೊಣಕಾಲಿಗೂ ಸ್ಪ್ರಿಂಗ್ ಹಾಕಿದ್ದಾಳೆ ಎಂದು ನಾನು ಬೀದಿಯಲ್ಲೆಲ್ಲ ಡಂಗುರ ಹೊಡೆದು ಬಂದೆ. ನೀನು ಸಿಂಕಿನ ಕೆಳಗಿನ ಕಪಾಟಿನ ಬಾಗಿಲಿಗೆ ಸ್ಕ್ರೂ ಹಾಕಿ ಬಿಗಿದೆ, ಮುಂದೆ ಕೂಸು ಅಂಬೆಗಾಲಿಟ್ಟು ಕೈ ಹಾಕದಿರಲಿ ಅಂದೆ. ಕೈಗಡಿಯಾರ ನೋಡಿಕೊಂಡು ಸಿಂಕಿನಿಂದ ಒಲೆಗೆ, ಸಿಂಕಿನಿಂದ ಹಜಾರಕ್ಕೆ ಹುಚ್ಚಿಯ ಹಾಗೆ ಓಡಾಡಿದೆ. ಎಲ್ಲವೂ ನನ್ನ ಕಣ್ಣೆದುರೇ ನಡೆಯಿತು. ಏನೋ ಇಂಜಿನಿಯರುಗಳ ಪದ್ಧತಿ ಅಂದುಕೊಂಡೆ.

ಇನ್ನು ನಿನಗೆ ಗೊತ್ತಿಲ್ಲದ ಒಂದು ಸಂಗತಿ. ಛತ್ರಿಯ ದಿನದಿಂದಲೇ ನಾನೂ ಒಂದೆರಡು ಉಪಾಯ ಮಾಡಿಕೊಂಡಿದ್ದೆ. ನಲ್ಲಿ ತೆರೆದಾಗ ಉಂಗುರವನ್ನು ಬಲಗೈಗೆ ಹಾಕಿಕೊಳ್ಳುತ್ತಿದ್ದೆ, ಮುಚ್ಚಿದ ಮೇಲೆ ಮತ್ತೆ ಎಡಗೈಗೆ. ಅಡುಗೆಮನೆಯಿಂದ ಹೊರಗೆ ಕಾಲಿಡುವಾಗ ನಲ್ಲಿ, ಒಲೆ, ಬಾಗಿಲು ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ. ಅಷ್ಟು ವರ್ಷ ಇತರರಿಗೆ ಎತ್ತಿಕೊಟ್ಟವಳು ಈಗ ನನಗೆ ನಾನೇ ಎತ್ತಿಕೊಳ್ಳುತ್ತಿದ್ದೆ. ಹೊಸ ನಲ್ಲಿ ಬಂದ ಮೇಲೂ ಸ್ವಲ್ಪ ದಿನ ಹೀಗೇ ನಡೆಸಿದೆ. ಆದರೆ ಯಾವಾಗ ತಿರುಗಿ ನೋಡಿದರೂ ಹಿಡಿ ಕೆಳಗೆ, ನೀರು ಬಂದ್. ಅಬ್ಬಾ, ತಲೆ ಸರಿಹೋಯಿತು, ಬರೀ ಬೇಸಿಗೆಯ ದಣಿವಾಗಿತ್ತು ಅಂದುಕೊಂಡೆ. ಉಂಗುರ ಬದಲಾಯಿಸುವುದನ್ನು ಬಿಟ್ಟೆ. ಬಾಗಿಲಲ್ಲಿ ಹೇಳಿಕೊಳ್ಳುವುದನ್ನೂ ಬಿಟ್ಟೆ. ಈ ಮಾತನ್ನು ಎರಡು ಸಲ ಓದಿಕೋ, ಯಾಕೆಂದರೆ ನನ್ನ ಸಿಟ್ಟಿನ ಬೇರು ಇಲ್ಲಿದೆ.

ಪಂದ್ಯ ನಾನು ಗೆದ್ದೆ. ಅತ್ತಿಗೆ ಕೆಲಸಕ್ಕೆ ಹೊರಟಳು, ಕೂಸು ನನ್ನ ಮಡಿಲಿಗೆ ಬಂತು. ಎರಡು ತಿಂಗಳಿಂದ ನನ್ನ ಮನೆಯಲ್ಲಿ ಹಾಲಿನ ವಾಸನೆ, ಒಣಗಿಸಿದ ಬಟ್ಟೆಯ ವಾಸನೆ. ಅದು ನನ್ನ ಮೂಗು ಹಿಡಿದುಕೊಂಡು ನಗುವಾಗ ನಾನು ಎಷ್ಟು ಚಿಕ್ಕವಳಾಗುತ್ತೇನೆ ಎಂದು ನಿನಗೆ ಹೇಗೆ ಹೇಳಲಿ. ಹಲ್ಲಿನ ಡಾಕ್ಟರಿಗೂ ಮೆಟ್ಟಿಲಲ್ಲಿ ಕಂಡಾಗಲೆಲ್ಲ ಹೇಳುತ್ತಿದ್ದೆ, ಒಂದೇ ಒಂದು ಸಲವೂ ಮರೆತಿಲ್ಲ ನೋಡಿ ಅಂತ. ಅವರು ತಮ್ಮ ಮನೆಯ ಸೂರಿನ ಕಡೆ ನೋಡಿ, ಹೌದು ಹೌದು ಅನ್ನುತ್ತಿದ್ದರು.

ಹೋದ ಶುಕ್ರವಾರ ತರಕಾರಿಯವನು ಆಲೂಗಡ್ಡೆಯ ಮೂಟೆ ಹೊತ್ತು ತಂದ. ಅಗ್ಗಕ್ಕೆ ಸಿಕ್ಕಿತೆಂದು ನಿಮ್ಮೆಲ್ಲರ ಮನೆಗೂ ಸೇರಿಸಿ ಹೇಳಿದ್ದೆ. ಎಲ್ಲಿ ಇಡಲಮ್ಮ ಅಂದ. ಕೈಯಲ್ಲಿ ಕೂಸಿನ ಬಟ್ಟಲಿತ್ತು, ಅಲ್ಲೇ ಹಾಕಪ್ಪ ಅಂದೆ. ಅವನು ಅದನ್ನು ನಿನ್ನ ಹಲಗೆಯ ಮೇಲೆ ಕೂರಿಸಿ ಹೋದ. ನಾನು ಪಕ್ಕದಿಂದ ಬಾಗಿ ನಲ್ಲಿ ತೆರೆದು ಬಟ್ಟಲು ತೊಳೆಯುತ್ತಿದ್ದೆ. ಒಳಗೆ ಕೂಸು ಅತ್ತಿತು, ಹೋದೆ. ಅದನ್ನು ತಟ್ಟಿ ಮಲಗಿಸಿ, ಅದರ ಪಕ್ಕ ನಾನೂ ಸ್ವಲ್ಪ ಒರಗಿದೆ. ಎದ್ದು ಬಂದರೆ ಅಡುಗೆಮನೆ ಕೆರೆ. ಬಟ್ಟಲು ಸಿಂಕಿನ ತೂತಿನ ಮೇಲೆ ಬೋರಲು ಬಿದ್ದಿದೆ, ಹಿಡಿ ಮೇಲೆಯೇ ಇದೆ, ನೀರು ತನ್ನ ಪಾಡಿಗೆ ಸದ್ದಿಲ್ಲದೆ ಇಳಿಯುತ್ತಿದೆ.

ಮರೆವು ವಾಪಸು ಬಂತಲ್ಲ ಎಂದು ಒದ್ದೆ ನೆಲದ ಮೇಲೇ ಕೂತು ಅತ್ತೆ. ಅತ್ತು ಮುಗಿಸಿ, ನೀರು ಕೆಳಗಿನವರ ಮನೆಗೆ ಇಳಿಯುವ ಮೊದಲು ಒರೆಸೋಣವೆಂದು ಮೂಟೆಯನ್ನು ಹಿಡಿದು ಎಳೆದೆ. ನಲ್ಲಿಯನ್ನು ನಾನಿನ್ನೂ ಮುಟ್ಟಿರಲಿಲ್ಲ, ಕಣೇ. ಮೂಟೆ ಹಲಗೆಯಿಂದ ಇಳಿಯಿತು. ಸ್ವಲ್ಪ ಹೊತ್ತಿಗೆ ನಿನ್ನ ನಲ್ಲಿಯ ಹಿಡಿ, ಯಾರೂ ಕೈ ಹಚ್ಚದೆ, ನಿಧಾನವಾಗಿ ತಾನೇ ಕೆಳಗೆ ಇಳಿದು ಮಲಗಿತು. ನೀರು ನಿಂತಿತು.

ಮೊದಲು ದೆವ್ವ ಅಂದುಕೊಂಡೆ. ಆಮೇಲೆ ದೆವ್ವಕ್ಕೆ ಇಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು, ಇದು ನನ್ನ ಮಗಳದೇ ಕೆಲಸ ಅನ್ನಿಸಿತು. ಹಿಡಿ ಎತ್ತಿ ಹಲಗೆಯ ಮೇಲೆ ನಿಂತೆ, ನೀರು ಹರಿಯಿತು. ಇಳಿದು ಹಜಾರಕ್ಕೆ ಹೋಗಿ ಬಾಗಿಲ ಸಂದಿಯಿಂದ ಇಣುಕಿದೆ, ಹಿಡಿ ಇಳಿಯಿತು. ಮೂಟೆ ಹತ್ತಿಸಿದೆ, ಹರಿಯಿತು. ಇಳಿಸಿದೆ, ನಿಂತಿತು. ನಿನ್ನ ನಲ್ಲಿಗೆ ನಾನೂ ಒಂದೇ, ಆಲೂಗಡ್ಡೆ ಮೂಟೆಯೂ ಒಂದೇ.

ಕಪಾಟಿನ ಸ್ಕ್ರೂ ಬಿಚ್ಚಿದೆ. ಮೂರು ವರ್ಷದವಳಾಗಿದ್ದಾಗ ಸುತ್ತಿಗೆ ಹಿಡಿದು ಮನೆಯ ಗಡಿಯಾರದ ಹೊಟ್ಟೆ ಬಗೆದ ನಿನ್ನನ್ನು ಸಾಕಿದವಳು ನಾನು, ಇಷ್ಟಾದರೂ ಬರುತ್ತದೆ. ಹಲಗೆಯ ಅಡಿಯಿಂದ ಸೈಕಲ್ ಬ್ರೇಕಿನ ತಂತಿಯಂಥದ್ದೊಂದು ಬಂದು ನಲ್ಲಿಯ ಹೊಟ್ಟೆಗೆ ಹೋಗಿತ್ತು. ನಿಂತವರು ಇಳಿದರೆ ಹಲಗೆ ಎದ್ದು ತಂತಿಯನ್ನು ಎಳೆಯುತ್ತದೆ, ಹಿಡಿ ಬೀಳುತ್ತದೆ. ಒಲೆಯ ತನಕ ಹೋಗಿ ಬರುವಷ್ಟು ಬಿಡುವು ಕೊಡುತ್ತದೆ, ಹಜಾರಕ್ಕೆ ಹೋದವರಿಗೆ ಕೊಡುವುದಿಲ್ಲ. ಕೈಗಡಿಯಾರ ಹಿಡಿದು ಓಡಾಡಿದ್ದು ಯಾಕೆಂದು ಆಗ ಗೊತ್ತಾಯಿತು. ಆ ತಂತಿಯ ಪಕ್ಕ ಅಂಕಿ ಉರುಳುವ ಪುಟ್ಟ ಮೀಟರ್ ಇತ್ತು. ನಾನು ಮುಚ್ಚದೆ ಹೋದಾಗಲೆಲ್ಲ, ಅದು ತಾನೇ ಮುಚ್ಚಿದಾಗಲೆಲ್ಲ, ಒಂದೊಂದು ಎಣಿಸುತ್ತದೆ. ಎದುರಿಗೇ ಮಾಡಿ ನೋಡಿದೆ, ಹೌದು, ಎಣಿಸಿತು. ಅದರಲ್ಲಿದ್ದ ಅಂಕಿಯನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ನಿನಗೆ ಅದು ಗೊತ್ತೇ ಇದೆ. ಭಾನುವಾರ ಭಾನುವಾರ ಫಿಲ್ಟರ್ ತೊಳೀತೀನಿ ಎಂದು ಸ್ಕ್ರೂ ಬಿಚ್ಚಿ ಕಪಾಟಿನೊಳಗೆ ತಲೆ ಹಾಕಿ, ಈಚೆ ಬಂದು ಕೈ ಒರೆಸಿಕೊಂಡು, ಒಂದು ಸಲವೂ ಮರೆತಿಲ್ಲ ಅಲ್ವಾಮ್ಮ, ಭೇಷ್ ಅನ್ನುತ್ತಿದ್ದೆಯಲ್ಲ.

ಆ ಭೇಷ್ ನನ್ನನ್ನು ಕೊಲ್ಲುತ್ತಿದೆ, ಮಗಳೇ.

ಆದರೂ ಅವತ್ತು ಸಂಜೆ ನಿನಗೊಂದು ಅವಕಾಶ ಕೊಡೋಣವೆಂದು ಫೋನು ಮಾಡಿದೆ. ನೇರ ಕೇಳಲಿಲ್ಲ. ನಲ್ಲಿಗೆ ಎಣ್ಣೆ ಗಿಣ್ಣೆ ಏನಾದರೂ ಬಿಡಬೇಕಾ ಅಂದೆ. ಬೇಡಮ್ಮ, ಅದು ಬರೀ ನಲ್ಲಿ ಅಂದೆ ನೀನು. ಅದರೊಳಗೆ ವಿಶೇಷ ಏನಾದರೂ ಇದೆಯಾ ಎಂದು ನಾನು ಕೇಳಿದೆ. ನೀನು ನಕ್ಕೆ. ವಿಶೇಷ ಇರೋದು ನಲ್ಲಿಯಲ್ಲಲ್ಲ, ನಿನ್ನಲ್ಲಿ, ನಿನ್ನ ತಲೆ ಈಗ ನನ್ನ ತಲೆಗಿಂತ ಚುರುಕು ಅಂದೆ. ಅದೇ ಉಸಿರಿನಲ್ಲಿ, ಗುರುವಾರ ಯಜಮಾನರು ಬಂದಾಗ ನೀನು ಬೀದೀಲಿ ಹೇಳ್ತೀಯಲ್ಲ ಹಾಗೇ ಹೇಳಿಬಿಡು, ಈ ನಲ್ಲಿ ಬಂದ ಮೇಲೆ ಒಂದು ಸಲವೂ ಮರೆತಿಲ್ಲ ಅಂತ, ನಿನ್ನ ಬಾಯಲ್ಲಿ ಬಂದರೆ ಅದರ ತೂಕವೇ ಬೇರೆ ಅಂದೆ. ನಾನು ಸರಿ ಎಂದು ಫೋನಿಟ್ಟೆ. ಆ ರಾತ್ರಿ ಊಟ ಸೇರಲಿಲ್ಲ. ನಿನ್ನೆ ಭಾನುವಾರವೂ ನೀನು ಗುರುವಾರದ ತಯಾರಿ ಎಂದು ಬರಲಿಲ್ಲ.

ಹಾಗಾದರೆ ನಾನು ಅಷ್ಟು ದಿನ ಏನಾಗಿದ್ದೆ, ಹೇಳು. ಗುರುವಾರ ನಿಮ್ಮ ಯಜಮಾನರು ನೋಡಲು ಬರುತ್ತಿದ್ದದ್ದು ನಲ್ಲಿಯನ್ನಲ್ಲ, ತನಗೇ ತಿಳಿಯದ ಹಾಗೆ ಮರೆಯುವ ಮುದುಕಿಯನ್ನು. ಮರೆತದ್ದು ಮರೆತವರಿಗೇ ಗೊತ್ತಾಗಲ್ಲ, ನೋಡಿ ಎಷ್ಟು ಖುಷಿಯಾಗಿದ್ದಾರೆ ಎಂದು ನೀನು ತೋರಿಸುವವಳಿದ್ದೆ. ಪರರು ಮೋಸ ಮಾಡಿದರೆ ಮಗಳ ಹತ್ತಿರ ಹೇಳಿಕೊಂಡು ಅಳಬಹುದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಲಿ.

ನಮ್ಮ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದವರು ನಿನಗೆ ನೆನಪಿರಬೇಕು. ನೀನು ಪರದೆಯ ಪಕ್ಕ ವೇಷದ ಪೆಟ್ಟಿಗೆಯ ಮೇಲೆ ಮಲಗಿರುತ್ತಿದ್ದೆ, ಅವರು ನಿನ್ನ ತಲೆಗೆ ತಮ್ಮ ಕಿರೀಟ ಇಟ್ಟು ಎಬ್ಬಿಸುತ್ತಿದ್ದರು. ಪ್ರತಿ ಆಟ ಮುಗಿದ ಮೇಲೆ ಅರ್ಧ ಬಣ್ಣ ಒರೆಸಿಕೊಂಡ ಮುಖದಲ್ಲೇ ಬಂದು, ಎಲ್ಲೆಲ್ಲಿ ಎಡವಿದೆ ಹೇಳಿಬಿಡಮ್ಮ ಅನ್ನುತ್ತಿದ್ದರು. ಜನಕ್ಕೆ ಗೊತ್ತಾಗಬಾರದು, ನನಗೆ ಗೊತ್ತಾಗದೇ ಇರಬಾರದು ಅನ್ನುತ್ತಿದ್ದರು. ಕೊನೆಕೊನೆಗೆ ಅವರು ಎಡವುವುದು ಹೆಚ್ಚಾಯಿತು. ಕಂಪನಿಯ ಯಜಮಾನರು ನನ್ನನ್ನು ಕರೆದು, ಅವರಿಗೆ ಹೇಳಬೇಡಿ, ಎದೆಗುಂದುತ್ತಾರೆ, ನೀವು ಎತ್ತಿಕೊಡ್ತಾ ಇರಿ, ನಡೀತಾ ಇರಲಿ ಅಂದರು. ನಾನು ಹೇಳಿದೆ. ಅವರು ಮುಖದ ಮೇಲೆ ಉಳಿದಿದ್ದ ಬಣ್ಣವನ್ನೂ ಒರೆಸಿಕೊಂಡರು. ಮುಂದಿನ ಆಟಕ್ಕೆ ಕಿರೀಟವನ್ನು ತಾವೇ ಇನ್ನೊಬ್ಬರ ಕೈಗೆ ಕೊಟ್ಟು, ಬಾಗಿಲು ಕಾಯುವವನ ಪಾರ್ಟು ಕೇಳಿ ತೆಗೆದುಕೊಂಡರು. ಅದಕ್ಕೆ ಇದ್ದದ್ದೇ ಎರಡು ಮಾತು. ಆ ಎರಡು ಮಾತಿಗೂ ಕೊನೆಯವರೆಗೆ ಜನ ಸೀಟಿ ಹೊಡೆದರು, ಅವರು ನನ್ನ ಕಡೆ ಒಮ್ಮೆಯೂ ನೋಡಬೇಕಾಗಲಿಲ್ಲ.

ಅವರಿಗೆ ಸಿಕ್ಕಿದ್ದು ನನಗೆ ನಿನ್ನಿಂದ ಸಿಗಲಿಲ್ಲ. ನೀನು ನನಗೆ ಗೊತ್ತಾಗದ ಹಾಗೆ ಎತ್ತಿಕೊಡುತ್ತ ಹೋದೆ, ನಾನು ಕಿರೀಟ ಇಟ್ಟುಕೊಂಡು ಮೆರೆಯುತ್ತ ಹೋದೆ.

ಪ್ರೀತಿಯಿಂದ ಮಾಡಿದೆ ಅನ್ನುತ್ತೀಯ. ಮೊದಲು ಹಾಗೇ ಶುರುವಾಗಿರಬಹುದು, ಅದನ್ನು ನಾನು ನಂಬುತ್ತೇನೆ. ಅಮ್ಮ ಪಂದ್ಯ ಸೋತು ಮುಖ ಸಣ್ಣಗೆ ಮಾಡಿಕೊಳ್ಳುವುದನ್ನು ನೋಡಲಾರದೆ ಮಾಡಿರುತ್ತೀಯ. ಆಮೇಲೆ ಅದು ಚೆನ್ನಾಗಿ ಕೆಲಸ ಮಾಡಿತು, ಕಾರ್ಖಾನೆಯಲ್ಲಿ ಬೆನ್ನು ತಟ್ಟಿದರು, ಅಲ್ಲಿಂದ ಮುಂದೆ ನನಗೋಸ್ಕರ ಎಷ್ಟು, ನಲ್ಲಿಗೋಸ್ಕರ ಎಷ್ಟು ಎಂದು ನೀನೇ ಲೆಕ್ಕ ಬಿಟ್ಟಿರಬೇಕು. ಇದನ್ನೆಲ್ಲ ನುಂಗಿಕೊಂಡೇನು. ತಾಯಂದಿರು ಇದಕ್ಕಿಂತ ದೊಡ್ಡದನ್ನು ನುಂಗುತ್ತಾರೆ. ನುಂಗಲಾಗದ್ದು ಒಂದಿದೆ. ಅತ್ತಿಗೆ ಕೂಸನ್ನು ಮೊದಲ ಸಲ ನನ್ನ ಮಡಿಲಿಗೆ ಹಾಕಿ ಕೆಲಸಕ್ಕೆ ಹೊರಟ ಬೆಳಿಗ್ಗೆ ನೀನು ಇಲ್ಲೇ ಇದ್ದೆ. ಅದರ ಹಿಂದಿನ ದಿನ ಭಾನುವಾರ, ನೀನು ಮೀಟರ್ ನೋಡಿದ್ದೆ. ಅವಳು ಬಾಗಿಲಲ್ಲಿ ನಿಂತು ಕಣ್ಣು ತುಂಬಿಕೊಂಡಾಗ, ಹೋಗು ಅತ್ತಿಗೆ, ಅಮ್ಮನ ಹತ್ತಿರ ಇದ್ದರೆ ದೇವರ ಹತ್ತಿರ ಇದ್ದ ಹಾಗೆ ಎಂದು ಅವಳ ಬೆನ್ನು ಸವರಿ ಕಳಿಸಿದವಳು ನೀನು.

ಒಲೆಗೆ ನಿನ್ನ ಹಲಗೆ ಇಲ್ಲ, ತಾಯಿ. ಬೀದಿ ಬಾಗಿಲಿಗೂ ಇಲ್ಲ. ಈ ಎರಡು ತಿಂಗಳಲ್ಲಿ ಹಾಲಿನ ಪಾತ್ರೆ ಕರಿದಾದಾಗ ನಾನು ಪಾತ್ರೆ ತೆಳು ಎಂದೆ. ಕೂಸಿನ ಸ್ನಾನದ ಟಬ್ಬು ತುಂಬಿ ಚೆಲ್ಲಿದಾಗ ಟಬ್ಬು ಚಿಕ್ಕದು ಎಂದೆ. ಮೆಟ್ಟಿಲ ಬಾಗಿಲು ತೆರೆದಿದ್ದಾಗ ಕೆಲಸದವಳನ್ನು ಬೈದೆ, ಪಾಪ, ಅವಳು ಕಣ್ಣೀರು ಹಾಕಿದಳು. ನನ್ನ ನಲ್ಲಿ ಮುಚ್ಚಿದೆಯಲ್ಲ, ಹಾಗಾದರೆ ಮರೆತವಳು ನಾನಲ್ಲ ಎಂದು ಅಷ್ಟು ಗಟ್ಟಿಯಾಗಿ ನಂಬಿದ್ದೆ. ಕೂಸು ಈಗ ಅಂಬೆಗಾಲಿಡುತ್ತದೆ. ಮೆಟ್ಟಿಲ ಕಡೆಗೇ ಅದಕ್ಕೆ ಒಲವು. ಏನೂ ಆಗಲಿಲ್ಲ ಎನ್ನುವುದು ನನ್ನ ಪುಣ್ಯವೂ ಅಲ್ಲ, ನಿನ್ನ ಜಾಣತನವೂ ಅಲ್ಲ.

ನಿನ್ನ ನಲ್ಲಿ ಕೆಟ್ಟದ್ದಲ್ಲ. ಸಿಟ್ಟಿನಲ್ಲೂ ಸುಳ್ಳು ಹೇಳಲಾರೆ, ಅಂಥ ನಲ್ಲಿ ನಾನು ಕಂಡಿಲ್ಲ. ನಿಂತವರು ಹೋದರೆ ಅದು ಮುಚ್ಚಲಿ, ಎಷ್ಟೋ ಮನೆಯವರ ಸೂರು ಉಳಿಯುತ್ತದೆ. ಆದರೆ ಮುಚ್ಚುವಾಗ ಒಂದು ಗಂಟೆ ಬಾರಿಸಲಿ, ಹಜಾರಕ್ಕೆ ಕೇಳುವ ಹಾಗೆ. ಕೊಳ್ಳುವವರಿಗೆ ಮಾತ್ರ ಹೇಳಿ, ಅದರ ಮುಂದೆ ನಿಲ್ಲುವವರಿಗೆ ಹೇಳದೆ ಒಂದನ್ನೂ ಮಾರಬೇಡ. ಅಷ್ಟು ಮಾಡಿದರೆ ನಿಮ್ಮ ಯಜಮಾನರ ಎದುರು ನಾನೇ ಹಲಗೆಯ ಮೇಲೆ ನಿಂತು, ಇಳಿದು, ಮರೆತು, ತೋರಿಸುತ್ತೇನೆ. ಒಂದು ಸಲವೂ ಮರೆತಿಲ್ಲ ಎಂದು ಮಾತ್ರ ಹೇಳಲಾರೆ.

ಉಂಗುರವನ್ನು ಮತ್ತೆ ಶುರುಮಾಡಿದ್ದೇನೆ. ಸುಲಭವಿಲ್ಲ, ಬಿಟ್ಟ ಅಭ್ಯಾಸ. ತಲೆಯ ಡಾಕ್ಟರ ಹತ್ತಿರ ಹೋಗಲು ನಿನ್ನ ಅಣ್ಣನಿಗೆ ಹೇಳಿದ್ದೇನೆ, ಯಾಕೆ ಎಂದು ಅವನು ಕೇಳಿದ್ದಕ್ಕೆ ಸುಮ್ಮನೆ ಅಂದೆ. ಇವತ್ತು ಅತ್ತಿಗೆಗೆ ರಜೆ, ಕೂಸು ಅವಳ ಹತ್ತಿರವೇ ಇದೆ. ನಾಳೆ ಬೆಳಿಗ್ಗೆ ಕರೆದುಕೊಂಡು ಬರುತ್ತಾಳೆ. ಬಂದಾಗ, ಇನ್ನು ಮುಂದೆ ನನ್ನೊಬ್ಬಳ ಹತ್ತಿರ ಬಿಡಬೇಡ ಎಂದು ನಾನೇ ಹೇಳಬೇಕು. ಆ ಮಾತನ್ನು ಬೆಳಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ. ಕೂಸಿನ ಬಟ್ಟೆ ಮಡಚುವಾಗ ಮಾತ್ರ ಅದು ಅರ್ಧಕ್ಕೇ ನಿಲ್ಲುತ್ತದೆ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಕಾರ್ಖಾನೆಯಲ್ಲಿ ನಿಂತೇ ತಿನ್ನಬೇಡ.

ಇಂತು,
ನಿನ್ನ ಮೇಲೆ ಹೇಳತೀರದಷ್ಟು ಸಿಟ್ಟಿರುವ,
ನಿನ್ನ ಅಮ್ಮ

ತಾ.ಕ.: ಮಂಗಳವಾರ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಬೆಳಿಗ್ಗೆ ಅತ್ತಿಗೆ ಬಂದಳು, ಹೇಳಿದೆ. ಅವಳನ್ನೇ ಹಲಗೆಯ ಮೇಲೆ ನಿಲ್ಲಿಸಿ, ಇಳಿಸಿ, ಹಿಡಿ ಬೀಳುವುದನ್ನು ತೋರಿಸಿದೆ. ಕೂಸು ನನ್ನ ಕಡೆ ಕೈ ಚಾಚಿದರೂ ಕೊಡದೆ ಅವಳು ಎದೆಗೆ ಅವಚಿಕೊಂಡಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು. ನಾನು ಮಗು ಬಿಟ್ಟು ಹೋದ ದಿನ ಇದು ಅವಳಿಗೆ ಗೊತ್ತಿತ್ತಾ ಅತ್ತೆ, ಅಂದಳು. ಇಲ್ಲಮ್ಮ, ಅವಳು ನೀರು ಉಳಿಯಲಿ ಅಂತ ಮಾಡಿದ್ದು, ನಾನಿನ್ನೂ ಮರೀತೀನಿ ಅಂತ ಅವಳಿಗೇನು ಗೊತ್ತು ಅಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ, ಬಾಯಿಗೆ ಅದೇ ಬಂತು. ಅವಳು ನಂಬಿದಳು, ನಿನ್ನ ಬಗ್ಗೆ ಒಳ್ಳೆಯ ಮಾತಾಡಿ ಹೋದಳು. ಅದು ಸುಳ್ಳು ಎನ್ನುವುದನ್ನು ನಾನು ಮರೆಯುವುದರೊಳಗೆ ನೀನೇ ಹೋಗಿ ಅವಳಿಗೆ ನಿಜ ಹೇಳು. ಮರೆತ ಮೇಲೆ ಅದನ್ನು ನಾನೂ ನಂಬಿಬಿಡುತ್ತೇನೆ.